ಸಲೈನ್ ಕೊಡದ ಜಿಪುಣಿ ಸಿಸ್ಟರ್

ನನ್ನ ದೊಡ್ಡಮ್ಮನಿಗೆ ಊರವರು ಇಟ್ಟಿರುವ ಹೆಸರು ಜಿಪುಣಿ ಸಿಸ್ಟರ್. ಬೆನ್ನ ಹಿಂದೆ ಹೇಳುವ ಹೆಸರೂ ಅಲ್ಲ ಅದು, ನೇರ ಮುಖದ ಮೇಲೇ ಹೇಳುತ್ತಾರೆ, ಅವಳೂ "ಹ್ಞಾಂ, ಏನು?" ಅಂತ ತಿರುಗಿ ನೋಡುತ್ತಾಳೆ! ಮೂವತ್ತೊಂದು ವರ್ಷದ ಸರ್ವಿಸು, ಅದರಲ್ಲಿ ಇಪ್ಪತ್ತಾರು ವರ್ಷ ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲೇ. ಕೈಯಿಂದ ದುಡ್ಡು ನೀರಿನ ಹಾಗೆ ಹೋಗುತ್ತದೆ ಅವಳದ್ದು, ಜಿಪುಣತನ ಏನಿದ್ದರೂ ಸಲೈನ್ ಬಾಟಲಿಯ ವಿಷಯದಲ್ಲಿ ಮಾತ್ರ.

ನಮ್ಮ ಕಡೆ ಜನಕ್ಕೆ ಬಾಟಲಿ ಏರಿಸಿದರೇ ಅದು ಟ್ರೀಟ್‌ಮೆಂಟು. ಜ್ವರಕ್ಕೆ ಬಾಟಲಿ, ಸೊಂಟನೋವಿಗೆ ಬಾಟಲಿ, ಗಂಡನ ಜೊತೆ ಜಗಳ ಆಗಿ ಎರಡು ದಿನ ಊಟ ಬಿಟ್ಟರೆ ಅದಕ್ಕೂ ಬಾಟಲಿ. ಅದರಲ್ಲೂ ಹನಿ ಜೋರಾಗಿ ಬಿದ್ದರೆ ಬೇಗ ವಾಸಿ, ನಿಧಾನಕ್ಕೆ ಬಿದ್ದರೆ ಸಿಸ್ಟರಿಗೆ ನಮ್ಮ ಮೇಲೆ ಅಸಡ್ಡೆ, ಇಷ್ಟು ಎಲ್ಲರಿಗೂ ಗೊತ್ತು.

"ಸಿಸ್ಟರೇ, ಮೈಯೆಲ್ಲಾ ಸುಸ್ತು. ಒಂದು ಗ್ಲೂಕೋಸ್ ಹಾಕ್ಬಿಡಿ."

"ಊಟ ಆಯ್ತಾ?"

"ಇಲ್ಲ."

"ಹೋಗಿ ಊಟ ಮಾಡು. ಇಲ್ಲಿರೋದು ಉಪ್ಪುನೀರು. ಯಾಕೆ, ನಿಮ್ಮನೇಲಿ ಉಪ್ಪಿಲ್ವಾ?"

"ನಿಮ್ಮಪ್ಪನ ಮನೆ ಗಂಟೇನ್ರೀ ಅದು?"

"ಹ್ಞೂಂ, ನಮ್ಮಪ್ಪಂದೇ. ಮಂಚ ಬಿಡು, ಹಿಂದಿನೋರು ನಿಂತಿದಾರೆ."

ಇದು ದಿನಾ ನಡೆಯುವ ಸಂಭಾಷಣೆ. ಕೇಳಿ ಕೇಳಿ ನಾನು ನಕ್ಕಿದ್ದೇ ನಕ್ಕಿದ್ದು. ಆದರೆ ಅವಳು ಹುಟ್ಟಿನಿಂದ ಹೀಗಿರಲಿಲ್ಲ. ಸರ್ವಿಸಿಗೆ ಸೇರಿದ ಮೂರನೇ ವರ್ಷ ಒಬ್ಬ ಟೈರ್ ಅಂಗಡಿಯವನು ಬಂದಿದ್ದ. ಗಾಳಿ ತುಂಬುವಾಗ ಲಾರಿ ಟೈರು ಸಿಡಿದು ಕಬ್ಬಿಣದ ರಿಂಗು ಅವನ ತೊಡೆಗೆ ಹೊಡೆದಿತ್ತು. ಆಗೆಲ್ಲ ಪದ್ಧತಿ ಒಂದೇ: ರಕ್ತ ಹೋಗಿದೆಯಾ, ಎರಡೂ ಕೈಗೆ ಸೂಜಿ ಚುಚ್ಚು, ಎರಡು ಬಾಟಲಿ ಫುಲ್ ಬಿಡು. ದೊಡ್ಡಮ್ಮ ಹಾಗೇ ಮಾಡಿದಳು. ಬಿಪಿ ಚಂದಕ್ಕೆ ಮೇಲೇರಿತು, ಎಪ್ಪತ್ತು, ತೊಂಬತ್ತು, ನೂರಹತ್ತು. ಇವಳಿಗೆ ಖುಷಿಯೋ ಖುಷಿ. ನೂರಹತ್ತು ಆದ ಕೂಡಲೇ ಅಷ್ಟು ಹೊತ್ತು ಸುಮ್ಮನಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತು. ಹೊರಗೆ ಬಂದದ್ದು ಕೆಂಪಗೂ ಇರಲಿಲ್ಲವಂತೆ. "ಗುಲಾಬಿ ಬಣ್ಣ ಕಣೇ, ಹಾಲಿಗೆ ನೀರು ಬೆರೆಸಿದ ಹಾಗೆ ರಕ್ತಕ್ಕೆ ನೀರು ಬೆರೆಸಿದ್ದೆ ನಾನು, ಅದು ಹೆಪ್ಪುಗಟ್ಟೋದು ಹೇಗೆ?" ಅಂತ ಒಮ್ಮೆ ಹೇಳಿದ್ದಳು. ಮೂರನೇ ಬಾಟಲಿ ಮುಗಿಯುವುದಕ್ಕೆ ಮೊದಲು ಅವನು ಮುಗಿದಿದ್ದ.

ಆಮೇಲೆ ಟ್ರೈನಿಂಗಿಗೆ ಹೋದಾಗ ಒಬ್ಬ ಮುದುಕ ಸರ್ಜನ್ ಹೇಳಿದರಂತೆ, ಟ್ಯಾಂಕು ಒಡೆದಿದ್ದರೆ ಮೊದಲು ತೂತು ಮುಚ್ಚಬೇಕು, ನಲ್ಲಿ ತಿರುಗಿಸಬಾರದು ಅಂತ. ಹೋಗಿರುವುದು ರಕ್ತ, ಆದ್ದರಿಂದ ಕೊಡಬೇಕಾದದ್ದೂ ರಕ್ತವೇ. ಅದು ಸಿಗುವ ತನಕ ಗಾಯ ಒತ್ತಿ ಹಿಡಿ, ಬೆಚ್ಚಗಿಡು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದ್ದರೆ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಬರುತ್ತಿದ್ದರೆ, ಬಿಪಿ ಎಂಬತ್ತೇ ಇರಲಿ, ಕೈ ಕಟ್ಟಿಕೊಂಡು ನಿಲ್ಲು. ಈ ಕೈ ಕಟ್ಟಿಕೊಂಡು ನಿಲ್ಲುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ಯಾಕೆಂದರೆ ಸುತ್ತ ನಿಂತವರೆಲ್ಲ ಬೈಯುತ್ತಿರುತ್ತಾರೆ. ಬರೀ ಬೈದರೆ ಪರವಾಗಿಲ್ಲ, ಬಾಟಲಿಯ ಪೈಪಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚಕ್ರ ಇರುತ್ತದೆ, ಹೆಬ್ಬೆರಳಲ್ಲಿ ಮೇಲೆ ನೂಕಿದರೆ ಹನಿ ಜೋರಾಗುತ್ತದೆ. ಸಿಸ್ಟರ್ ಅತ್ತ ತಿರುಗಿದರೆ ಸಾಕು, ಯಾರಾದರೊಬ್ಬ ನೆಂಟ ಅದಕ್ಕೆ ಕೈ ಹಾಕುತ್ತಾನೆ. ಅದಕ್ಕೇ ದೊಡ್ಡಮ್ಮನದು ಒಂದೇ ರೂಲು, ರಕ್ತದ ಕೇಸು ಬಂದರೆ ಪೇಶೆಂಟಿನ ಕಡೆಯವರು ಬಾಗಿಲಾಚೆ. ಹೆಂಡತಿಯಾದರೂ ಅಷ್ಟೇ, ಪೊಲೀಸರಾದರೂ ಅಷ್ಟೇ.

ಕ್ಯಾಶುಯಲ್ಟಿ ಅಂದರೆ ದೊಡ್ಡದೇನಲ್ಲ. ನಾಲ್ಕು ಮಂಚ, ಮಧ್ಯೆ ಒಂದು ಹಸಿರು ಪರದೆ, ತೊಳೆದ ನೀರು ಹೋಗಲು ನೆಲದ ಮೂಲೆಯಲ್ಲಿ ಒಂದು ತೂತು, ಮತ್ತು ಕಲ್ಲು ಕ್ವಾರಿಯ ಕಡೆಗೆ ಒಂದೇ ಕಿಟಕಿ. ಕ್ವಾರಿ ಮೂರು ಕಿಲೋಮೀಟರ್ ದೂರ. ನನ್ನ ಮಾವ, ಅಂದರೆ ದೊಡ್ಡಮ್ಮನ ತಮ್ಮ, ಅಲ್ಲಿ ಮದ್ದು ತುಂಬಿ ಸಿಡಿಸುವವನು. ಅಕ್ಕನಿಗಿಂತ ಹದಿನಾರು ವರ್ಷ ಚಿಕ್ಕವನು, ಅವಳೇ ಎತ್ತಿ ಆಡಿಸಿದವನು, ಇನ್ನೂ ಮದುವೆಯಾಗಿಲ್ಲ, ಬಾಯಿ ಮಾತ್ರ ಬೊಂಬಾಯಿ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಆಸ್ಪತ್ರೆ ಗೇಟಿನ ಮುಂದೆ ಬೈಕ್ ನಿಲ್ಲಿಸಿ, ಹಾರ್ನ್ ಹೊಡೆದು, ಅವತ್ತು ಎಷ್ಟು ಕುಳಿ ಸಿಡಿಸುತ್ತಾರೆ ಅಂತ ಬೆರಳಲ್ಲಿ ತೋರಿಸುತ್ತಿದ್ದ. ಮಧ್ಯಾಹ್ನ ಒಂದಕ್ಕೆ ಮೂರು ಸಲ ಸೈರನ್ ಆಗುತ್ತದೆ, ಆಮೇಲೆ ಒಂದರ ಹಿಂದೆ ಒಂದು ಸದ್ದು, ಕಿಟಕಿ ಗಾಜು ಗಡಗಡ. ಬಾಕಿ ಸಿಸ್ಟರುಗಳು ಅದೇ ಹೊತ್ತಿಗೆ ಡಬ್ಬಿ ಬಿಚ್ಚುತ್ತಿದ್ದರು. ದೊಡ್ಡಮ್ಮ ಸದ್ದು ಎಣಿಸುತ್ತಿದ್ದಳು. ಬೆರಳಿನ ಲೆಕ್ಕಕ್ಕೂ ಸದ್ದಿನ ಲೆಕ್ಕಕ್ಕೂ ತಾಳೆಯಾದ ಮೇಲೆಯೇ ಅವಳ ಊಟ.

ಅವತ್ತು ಅವನು ಎಂಟು ಬೆರಳು ತೋರಿಸಿದ್ದ. ಸೈರನ್ ಆಯಿತು. ನಾನು ಲೈಬ್ರರಿಯಿಂದ ಬರುತ್ತ ಅವಳ ಡಬ್ಬಿ ಕೊಡಲು ಹೋಗಿದ್ದೆ. ಅವಳು ಕಿಟಕಿಯ ಹತ್ತಿರ ನಿಂತು ತುಟಿಯಲ್ಲೇ ಎಣಿಸಿದಳು. ಐದು. ಆರು. ಏಳು.

ಎಂಟನೆಯದು ಬರಲಿಲ್ಲ.

"ಎರಡು ಒಟ್ಟಿಗೆ ಸಿಡಿದಿರ್ಬಹುದು ದೊಡ್ಡಮ್ಮ," ಅಂದೆ.

ಅವಳು ಕ್ವಾರಿ ಆಫೀಸಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮಾವನ ಮೊಬೈಲು ಸ್ವಿಚ್ ಆಫ್, ಮದ್ದಿನ ಹತ್ತಿರ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಸಿಡಿಯದ ಕುಳಿ ಇದ್ದರೆ ಯಾರೂ ಹತ್ತಿರ ಹೋಗಬಾರದು, ಕಾಯಬೇಕು, ಅದು ಅವರ ರೂಲು. ಲಾರಿಗಳು ಸಾಲಾಗಿ ನಿಂತಿದ್ದರೆ ಆ ರೂಲು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಊರಿಗೇ ಗೊತ್ತಿತ್ತು. ಒಂದೂ ಇಪ್ಪತ್ತು. ಒಂದೂವರೆ. ಅವಳು ಡಬ್ಬಿ ಬಿಚ್ಚಲಿಲ್ಲ. ಮೂರನೇ ಮಂಚಕ್ಕೆ ಹೊಸ ಶೀಟು ಹಾಸಿದಳು, ಅದಕ್ಕೆ ಪೇಶೆಂಟೇ ಇರಲಿಲ್ಲ. ಹತ್ತಿಬಟ್ಟೆಯ ರೋಲುಗಳನ್ನು ಟ್ರೇಯಲ್ಲಿ ಜೋಡಿಸಿದಳು. ಆಯಾ ಅವಳ ಮುಖ ನೋಡಿ, ಕೇಳದೇನೇ ಬೀರುವಿನಿಂದ ಕಂಬಳಿ ತಂದಿಟ್ಟಳು.

ಒಂದೂ ಐವತ್ತೆರಡಕ್ಕೆ ಸೈರನ್ ಇಲ್ಲದೆ ಕಿಟಕಿ ಗಾಜು ನಡುಗಿತು. ಒಂದೇ ಒಂದು ಸದ್ದು.

"ಎಂಟು," ಅಂದಳು ದೊಡ್ಡಮ್ಮ.

ಕಂಪನಿ ಜೀಪು ಬಂದಾಗ ಎರಡೂ ಹತ್ತು. ಹಿಂದಿನ ಸೀಟಿನಲ್ಲಿ ಮಾವ, ಮುಖವೆಲ್ಲ ಬೂದಿ ಹಿಡಿದ ಹಾಗೆ ಕಲ್ಲುಪುಡಿ. ಎಡಗಾಲು ಮೊಣಕಾಲಿನ ಕೆಳಗೆ ಹೇಗಿತ್ತು ಅಂತ ನಾನು ಬರೆಯುವುದಿಲ್ಲ. ಮೇಸ್ತ್ರಿ ತನ್ನ ಶರ್ಟಿನಲ್ಲಿ ತೊಡೆ ಕಟ್ಟಿದ್ದ, ಗಂಟು ಸಡಿಲ, ಶರ್ಟು ತೊಟ್ಟಿಕ್ಕುತ್ತಿತ್ತು. ಬಲಗಡೆ ತೊಡೆಸಂದಿಯಲ್ಲಿ ಕಲ್ಲಿನ ಚೂರು ಹೊಕ್ಕ ಇನ್ನೊಂದು ಗಾಯ. ಮೇಸ್ತ್ರಿಗೂ ಕಣ್ಣಿಗೆ ಪುಡಿ ಹೊಡೆದಿತ್ತು, ಅವನನ್ನು ಪರದೆಯಾಚೆ ಕೂರಿಸಿದರು.

ದೊಡ್ಡಮ್ಮ ಎಡತೊಡೆಗೆ ಅಗಲದ ಪಟ್ಟಿ ಬಿಗಿದು ಅದರ ಕೋಲು ತಿರುಗಿಸಿದಳು, ಮಾವ ಕಿರುಚಿದ, ಅವಳು ಇನ್ನೊಂದು ಸುತ್ತು ತಿರುಗಿಸಿದಳು, ರಕ್ತ ನಿಂತಿತು. ಮಾರ್ಕರ್ ತೆಗೆದು ಅವನ ಹಣೆಯ ಮೇಲೆ ಟೈಮು ಬರೆದಳು, ಎರಡೂ ಹದಿಮೂರು. ತೊಡೆಸಂದಿಗೆ ಪಟ್ಟಿ ಕಟ್ಟಲು ಬರುವುದಿಲ್ಲ, ಅಲ್ಲಿ ಬಟ್ಟೆಯ ರೋಲನ್ನು ಬೆರಳಿನಿಂದ ಒಳಗೆ ಒಳಗೆ ತುರುಕಿ ಆಯಾಳ ಎರಡೂ ಕೈ ಹಿಡಿದು ಮೇಲಿಟ್ಟಳು. "ನಾನು ಹೇಳೋ ತನಕ ಕೈ ಎತ್ತಿದ್ರೆ ನೋಡು." ಹೆಪ್ಪುಗಟ್ಟಿದ್ದು ಕರಗದಂತೆ ತಡೆಯುವ ಇಂಜೆಕ್ಷನ್ನನ್ನು ಡಾಕ್ಟರೇ ನಿಧಾನವಾಗಿ ಕೊಟ್ಟರು. ಕಂಬಳಿ ಹೊದಿಸಿದರು. ಒಂದೇ ಕೈಗೆ ಒಂದೇ ಬಾಟಲಿ, ಸೂಜಿ ಮುಚ್ಚಿಹೋಗದಿರಲಿ ಅಂತ ಮಾತ್ರ. ಟಪ್... ಟಪ್...

ಡಾಕ್ಟರು ಹೊಸಬರು, ಬಂದು ಎರಡು ತಿಂಗಳು. "ಸಿಸ್ಟರ್, ಬಿಪಿ ಎಂಬತ್ತೆರಡು. ಫುಲ್ ಬಿಡೋಣ್ವಾ?"

"ನಾಡಿ ಸಿಗ್ತಿದೆ ಡಾಕ್ಟ್ರೇ. ನನ್ನ ಗುರುತು ಹಿಡೀತಿದಾನೆ."

"ತಲೆ?"

"ನೋಡ್ದೆ, ತಲೆಗೆ ಪೆಟ್ಟಿಲ್ಲ. ಇದ್ದಿದ್ರೆ ಬೇರೆ ಮಾತು, ಎಂಬತ್ತು ಸಾಕಾಗ್ತಿರ್ಲಿಲ್ಲ. ಕೆಮ್ಮಿದ್ರೆ ರಕ್ತ ಬರ್ತಿದೆ ನೋಡಿ, ಸಿಡಿದ ಗಾಳಿ ಶ್ವಾಸಕೋಶಕ್ಕೂ ಹೊಡೆದಿದೆ. ನೀರು ಹೆಚ್ಚಾದ್ರೆ ಅಲ್ಲೂ ತುಂಬ್ಕೊಳುತ್ತೆ. ರಕ್ತ ಬರ್ಲಿ."

ನಮ್ಮ ಆಸ್ಪತ್ರೆಯಲ್ಲಿ ರಕ್ತ ಇಡುವ ವ್ಯವಸ್ಥೆ ಇಲ್ಲ. ದೊಡ್ಡಾಸ್ಪತ್ರೆಯಿಂದ ಆಂಬುಲೆನ್ಸ್ ಎರಡು ಚೀಲ ರಕ್ತ ಹಾಕಿಕೊಂಡು ಹೊರಟಿತ್ತು. ಐವತ್ತು ನಿಮಿಷ. ಅಷ್ಟು ಹೊತ್ತು ಆ ಗಾಯ ಸುಮ್ಮನಿದ್ದರೆ ಮಾವ ಉಳಿಯುತ್ತಾನೆ. ಅವಳು ನನಗೆ ಹೇಳಿದ್ದೂ ಅಷ್ಟೇ: "ಐವತ್ತು ನಿಮಿಷ ಯಾರೂ ಏನೂ ಮಾಡ್ದೆ ಇದ್ರೆ ಸಾಕು."

ಅಷ್ಟರಲ್ಲಿ ಅಜ್ಜಿ ಬಂದಳು. ಮನೆ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೇ, ಸುದ್ದಿ ಕೇಳಿ ಓಡಿ ಬಂದಿದ್ದಳು, ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಪಕ್ಕದ ಮನೆಯವರದು. ಆಯಾ ಗಾಯದ ಮೇಲಿಂದ ಕೈ ತೆಗೆಯದೇ ಕೇಳಿದಳು, "ಸಿಸ್ಟರ್, ಅಮ್ಮನ್ನ ಆಚೆ ಕಳಿಸ್ಲಾ?"

ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ತಾಯಂದಿರನ್ನು ಬಾಗಿಲಾಚೆ ನಿಲ್ಲಿಸಿದವಳು ಅವತ್ತು ಹೇಳಿದ್ದು, "ಇರ್ಲಿ. ತಲೆ ಹತ್ರ ನಿಂತ್ಕೊಳ್ಲಿ."

ಅಜ್ಜಿ ಮಗನ ಹಣೆ ಸವರಿದಳು. "ಏನೇ ಇದು ಬರೆದಿರೋದು?"

"ಪಟ್ಟಿ ಬಿಗಿದ ಟೈಮು ಅಮ್ಮ."

"ಅವನ ಹಣೆಬರಹಾನೂ ನೀನೇ ಬರಿಯೋಕೆ ಹೊರಟ್ಯಾ?"

ಮಾವನ ಕಿವಿ ಎರಡೂ ಹೋಗಿದ್ದವು, ತಮಟೆ ಹರಿದಿತ್ತು. ತನ್ನ ದನಿಯೂ ತನಗೆ ಕೇಳದೆ ಅವನು ಕೂಗಿ ಕೂಗಿ ಮಾತಾಡುತ್ತಿದ್ದ. "ಅಕ್ಕಾ! ನೀರು ಕೊಡೇ! ಲೇ ಜಿಪುಣಿ, ತಮ್ಮ ಕಣೇ ನಾನು!" ದೊಡ್ಡಮ್ಮನಿಗೆ ಆ ಬೈಗುಳ ಕೇಳಿ ಕಣ್ಣಲ್ಲಿ ಬೆಳಕು ಬಂತು, ಬೈಯುವಷ್ಟು ಬುದ್ಧಿ ನೆಟ್ಟಗಿದೆಯಲ್ಲ! ಅಜ್ಜಿಗೆ ಕೇಳಿದ್ದು ಮಾತ್ರ ಮಗ ನೀರು ಕೇಳುತ್ತಿದ್ದಾನೆ, ಮಗಳು ಕೊಡುತ್ತಿಲ್ಲ.

"ಒಂದು ಗುಟುಕು ಕೊಡೇ. ಬಾಯಿ ಒಣಗಿದೆ."

"ಆಪರೇಷನ್ ಇದೆ. ಬಾಯಿಗೆ ಏನೂ ಕೊಡೋ ಹಾಗಿಲ್ಲ ಅಮ್ಮ."

"ಬಾಯಿಗೆ ಬೇಡ, ಕೈಗಾದ್ರೂ ಬಿಡು. ಅದೇನದು, ಕೆಟ್ಟ ನಲ್ಲಿ ಸೋರಿದ ಹಾಗೆ! ಊರೋರಿಗೆಲ್ಲ ಕಂಜೂಸಿ ಮಾಡ್ದೆ, ಆಯ್ತು. ಒಡಹುಟ್ಟಿದೋನಿಗೂನಾ?"

"ಅಮ್ಮ, ಇದನ್ನ ಜೋರಾಗಿ ಬಿಟ್ರೆ ರಕ್ತ ಮತ್ತೆ ಕಿತ್ಕೊಂಡು ಬರುತ್ತೆ. ನನ್ನ ಮಾತು ಕೇಳು."

"ಹೆತ್ತೋಳು ನಾನು ಕಣೇ."

"ಎತ್ಕೊಂಡು ಬೆಳೆಸ್ದೋಳು ನಾನು."

ಎರಡೂ ನಲವತ್ತಕ್ಕೆ ದೊಡ್ಡಮ್ಮನ ಫೋನು ಹೊಡೆದುಕೊಂಡಿತು. ಆಂಬುಲೆನ್ಸ್ ಡ್ರೈವರ್, ರೈಲ್ವೆ ಗೇಟು ಬಿದ್ದಿದೆ, ಯಾವ ರಸ್ತೆಯಲ್ಲಿ ಸುತ್ತಿ ಬರಲಿ ಅಂತ. ಒಳಗೆ ಸಿಗ್ನಲ್ ಸರಿಯಾಗಿ ಸಿಗದೆ ಮಾತು ಕಡಿಯುತ್ತಿತ್ತು, ಅವಳು ಕಾರಿಡಾರಿಗೆ ಹೋದಳು. ಡಾಕ್ಟರು ಪರದೆಯಾಚೆ ಮೇಸ್ತ್ರಿಯ ಕಣ್ಣು ತೊಳೆಯುತ್ತಿದ್ದರು. ಆಯಾ ತಲೆ ತಗ್ಗಿಸಿ ಗಾಯ ಒತ್ತಿಕೊಂಡಿದ್ದಳು. ನಾನು ಬಾಗಿಲಲ್ಲಿದ್ದೆ. ಅಜ್ಜಿಯ ಕೈ ಪೈಪಿನ ಮೇಲೆ ಹೋಗಿದ್ದು, ಹೆಬ್ಬೆರಳು ಚಕ್ರವನ್ನು ಮೇಲೆ ನೂಕಿದ್ದು, ಹನಿ ಹನಿ ಕೂಡಿ ಒಂದು ಗೆರೆಯಾಗಿದ್ದು, ಎಲ್ಲ ನೋಡಿದೆ. ನಾನು ಕೂಗಲಿಲ್ಲ. ನನಗೂ ಒಳಗೊಳಗೇ ಅಬ್ಬಾ ಅನ್ನಿಸಿತು, ಕೊನೆಗೂ ಯಾರೋ ಏನೋ ಮಾಡಿದರಲ್ಲ ಅಂತ.

ಬಿಪಿ ಮಾನಿಟರಿನಲ್ಲಿ ಸಂಖ್ಯೆ ಏರಿತು. ತೊಂಬತ್ತು. ನೂರಾಮೂರು. ಮಾವನ ತುಟಿಗೆ ಬಣ್ಣ ಬಂತು. ಅಜ್ಜಿ ನನ್ನನ್ನು ನೋಡಿ ಹುಬ್ಬು ಹಾರಿಸಿದಳು, ನೋಡಿದ್ಯಾ ಅನ್ನುವ ಹಾಗೆ. ನೂರಾಹದಿನಾಲ್ಕು.

"ಸಿಸ್ಟರ್!" ಆಯಾ ಕೂಗಿದಳು. "ಸಿಸ್ಟರ್, ಕೈ ಬಿಸಿ ಆಗ್ತಿದೆ!"

ಅವಳ ಬೆರಳ ಸಂದಿಯಿಂದ ಬರುತ್ತಿತ್ತು. ಕೆಂಪಗೆ ಇರಲಿಲ್ಲ.

ದೊಡ್ಡಮ್ಮ ಒಳಗೆ ಬಂದವಳು ಮೊದಲು ನೋಡಿದ್ದು ಗಾಯವನ್ನಲ್ಲ, ಚಕ್ರವನ್ನು. ಹೆಬ್ಬೆರಳಲ್ಲಿ ಅದನ್ನು ಮುಚ್ಚಿದಳು. ಬಾಟಲಿ ಅರ್ಧಕ್ಕಿಳಿದಿತ್ತು. ಮಂಚ ಹತ್ತಿ, ಮೊಣಕಾಲೂರಿ, ಹೊಸ ರೋಲು ತುರುಕಿ, ಮುಷ್ಟಿಯಿಂದ ಮೈಭಾರ ಎಲ್ಲ ಹಾಕಿ ಒತ್ತಿದಳು. ಸಂಖ್ಯೆ ಇಳಿಯಿತು. ತೊಂಬತ್ತು. ಎಪ್ಪತ್ತು. ಐವತ್ತೆಂಟು. ಮಾವ ಬೈಯುವುದನ್ನು ನಿಲ್ಲಿಸಿದ. ಅವನ ಬಾಯಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಡಾಕ್ಟರು ಓಡಿ ಬಂದು ಮಣಿಕಟ್ಟು ಹಿಡಿದರು. "ನಾಡಿ ಇಲ್ಲ ಸಿಸ್ಟರ್."

"ಕತ್ತಲ್ಲಿ?"

"ಇದೆ, ಸಣ್ಣಗೆ."

"ಈಗ ಕೊಡಿ. ಕಾಲು ಬಾಟ್ಲಿ. ಮಣಿಕಟ್ಟಲ್ಲಿ ಸಿಕ್ಕಿದ ತಕ್ಷಣ ಮುಚ್ಬಿಡಿ."

"ಈಗ ಕೊಡ್ತೀಯಲ್ಲ!" ಅಂತ ಅಜ್ಜಿ ಅತ್ತಳು. "ಈಗ ಕೊಡೋದನ್ನ ಆಗ್ಲೇ ಕೊಡೋಕೆ ನಿನಗೇನಾಗಿತ್ತೇ!"

ದೊಡ್ಡಮ್ಮ ಮುಷ್ಟಿಯಿಂದ ಕಣ್ಣು ತೆಗೆಯಲಿಲ್ಲ.

ಆಂಬುಲೆನ್ಸ್ ಬಂದದ್ದು ಮೂರೂ ಒಂಬತ್ತಕ್ಕೆ. ಮೊದಲ ಚೀಲ ಅಲ್ಲೇ ಏರಿಸಿದರು, ಎರಡನೆಯದು ದಾರಿಯಲ್ಲಿ. ದೊಡ್ಡಮ್ಮ ಮಂಚದಿಂದ ಇಳಿಯಲೇ ಇಲ್ಲ, ಸ್ಟ್ರೆಚರಿನ ಮೇಲೂ ಹಾಗೇ ಕೂತು, ಮುಷ್ಟಿ ಒತ್ತಿಕೊಂಡೇ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನ ಬಾಗಿಲ ತನಕ ಹೋದಳು. ಅಲ್ಲಿ ಇನ್ನೂ ಆರು ಚೀಲ ಬೇಕಾಯಿತು. ಎಡಗಾಲು ಉಳಿಯಲಿಲ್ಲ. ಒಂಬತ್ತು ದಿನ ಉಸಿರಾಟದ ಮಷಿನ್ನು, ಶ್ವಾಸಕೋಶದಲ್ಲಿ ನೀರು. ಹತ್ತನೇ ದಿನ ಕಣ್ಣು ಬಿಟ್ಟು, ಕಿವಿ ಏನೂ ಕೇಳದಿದ್ದರೂ, ಅಕ್ಕನ ಮುಖ ನೋಡಿ ನಕ್ಕ.

ಬದುಕಿದ! ನಾವೆಲ್ಲ ಕುಣಿದೆವು. ಆದರೆ ನಿಜವಾಗಿ ಭಯ ಆಗಿದ್ದು ಆಮೇಲೆ. ಅಜ್ಜಿ ಆ ಕಥೆಯನ್ನು ಹೇಳಲು ಶುರು ಮಾಡಿದಳು. ಹಾಲಿನ ಬೂತಿನ ಮುಂದೆ, ಬಸ್‌ಸ್ಟಾಪಿನಲ್ಲಿ, ಕ್ವಾರಿಯವರ ಹೆಂಡತಿಯರು ನೀರಿಗೆ ಸಾಲು ನಿಲ್ಲುವ ಜಾಗದಲ್ಲಿ. "ನನ್ನ ಮಗಳು ಒಳ್ಳೇಳೇ, ಕೈ ಮಾತ್ರ ಗಟ್ಟಿ. ನಾನು ನೋಡ್ದೆ ನೋಡ್ದೆ, ಚಕ್ರ ಬಿಟ್ಟೇ ಬಿಟ್ಟೆ. ನೂರಾಹದಿನಾಲ್ಕಕ್ಕೆ ಹೋಯ್ತು! ಅದಕ್ಕೇ ಬದುಕ್ದ. ನೀವೂ ಅಷ್ಟೇ, ಯಾರಿಗಾದ್ರೂ ಏನಾದ್ರೂ ಆದ್ರೆ ಸಿಸ್ಟರ್ ಮುಖ ನೋಡ್ತಾ ಕೂರ್ಬೇಡಿ."

ದೊಡ್ಡಮ್ಮನಿಗೆ ಗೊತ್ತಿತ್ತು. ಸುಮ್ಮನಿದ್ದಳು. ಎಪ್ಪತ್ತಾರು ವರ್ಷದ ತಾಯಿಗೆ, ನಿನ್ನ ಹೆಬ್ಬೆರಳೇ ಅವನನ್ನು ಕೊಲ್ಲಲು ಹೊರಟಿತ್ತು ಅಂತ ಯಾವ ಬಾಯಲ್ಲಿ ಹೇಳುವುದು? ಹೇಳುವ ಅಗತ್ಯ ತಾನೇ ಏನು, ಅವನಂತೂ ಉಳಿದ. ಒಂದೂವರೆ ತಿಂಗಳು ಹೀಗೇ ಕಳೆಯಿತು.

ಒಂದು ಮಂಗಳವಾರ ಕ್ವಾರಿಯಿಂದಲೇ ಇನ್ನೊಬ್ಬ ಬಂದ, ಡ್ರಿಲ್ಲಿಂಗ್ ಮಷಿನ್ನಿನ ಗಾಳಿಪೈಪು ಸಿಡಿದು ತೋಳಿನ ರಕ್ತನಾಳ ಹರಿದಿತ್ತು. ದೊಡ್ಡಮ್ಮ ಎಲ್ಲರನ್ನೂ ಆಚೆ ಹಾಕಿದಳು. ಇಂಜೆಕ್ಷನ್ ತರಲು ಬೀರುವಿನ ಕಡೆ ತಿರುಗಿ ಮತ್ತೆ ಇತ್ತ ನೋಡುವಷ್ಟರಲ್ಲಿ ಅವನ ಹೆಂಡತಿ ಕಿಟಕಿಯ ಸರಳಿನ ಸಂದಿಯಿಂದ ಕೈ ತೂರಿಸಿ ಪೈಪು ಹಿಡಿದಿದ್ದಳು.

"ಬಿಡೇ ಅದನ್ನ!"

"ನಿಮ್ಮಮ್ಮಾನೇ ಹೇಳಿದ್ದು," ಅಂದಳು ಅವಳು, ಬಿಡದೇ.

ಅವತ್ತು ಡ್ಯೂಟಿ ಮುಗಿಸಿ ಬಂದ ದೊಡ್ಡಮ್ಮ ಬಟ್ಟೆ ಬದಲಾಯಿಸಲಿಲ್ಲ. ಅಜ್ಜಿ ಹಾಲ್‌ನಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು, ಮಾವ ಕಿಟಕಿ ಪಕ್ಕದ ಮಂಚದ ಮೇಲೆ ಕಾಲಿನ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅವನಿಗೆ ಹೇಗೂ ಕೇಳುವುದಿಲ್ಲ, ಅವನೆದುರಿಗೇ ದೊಡ್ಡಮ್ಮ ಹೇಳಿದಳು. ದನಿ ಏರಿಸಲಿಲ್ಲ, ಚಾರ್ಟ್ ಓದಿದ ಹಾಗೆ ಹೇಳಿದಳು. ಬಿಪಿ ಎಂಬತ್ತೆರಡು ಇತ್ತು, ಗಾಯ ಸುಮ್ಮನಿತ್ತು. ನೂರಾಹದಿನಾಲ್ಕಕ್ಕೆ ಒಡೆಯಿತು. ಇನ್ನೆರಡು ನಿಮಿಷ ಹೋಗಿದ್ದರೆ ರಕ್ತದ ಚೀಲ ಬರುವಾಗ ಏರಿಸಲು ಯಾರೂ ಇರುತ್ತಿರಲಿಲ್ಲ. ಆ ಒಂಬತ್ತು ದಿನದ ಮಷಿನ್ನಿನಲ್ಲೂ ಆ ನೀರಿನ ಪಾಲಿದೆ.

"ನಿನ್ನನ್ನ ಆಚೆ ಕಳಿಸ್ಬೇಕಿತ್ತು ನಾನು. ಕಳಿಸ್ಲಿಲ್ಲ. ಆ ತಪ್ಪು ನಂದು. ಆದ್ರೆ ಬೂತಿನ ಮುಂದೆ ನೀನು ಹೇಳ್ತಿರೋದು ಇದೆಯಲ್ಲ ಅಮ್ಮ, ಅದು ನಿಂದು."

ಅಜ್ಜಿಯ ಕೈಯಲ್ಲಿ ಮಾವನ ಪ್ಯಾಂಟಿತ್ತು, ಒಂದು ಕಾಲು ಮೇಲಕ್ಕೆ ಮಡಚಿ ಹೊಲಿದದ್ದು. "ಎಷ್ಟು ಹೊತ್ತು ಬಿಟ್ಟಿದ್ದೆ ನಾನು?"

"ಮೂರು ನಿಮಿಷ."

"ಮೂರೇ?"

"ಮೂರೇ."

ಅಜ್ಜಿ ಪ್ಯಾಂಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮಾವ ಇಬ್ಬರ ಮುಖವನ್ನೂ ನೋಡಿ ನೋಡಿ, ರಸ್ತೆಗೆ ಕೇಳುವ ಹಾಗೆ ಕೂಗಿದ, "ಏನಂತೆ? ಅಮ್ಮಾ, ಏನ್ ಹೇಳ್ತಿದಾಳೆ ಜಿಪುಣಿ? ಮತ್ತೆ ನನಗೇನಾದ್ರೂ ಆಗಿದ್ಯಾ?"

ದೊಡ್ಡಮ್ಮ ಏನೂ ಇಲ್ಲ ಅಂತ ಕೈ ಆಡಿಸಿದಳು. ಅಜ್ಜಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಆಮೇಲೆ ಸ್ಟೂಲು ಎಳೆದುಕೊಂಡು, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ, ತುಟಿ ಅವನಿಗೆ ಸರಿಯಾಗಿ ಕಾಣುವ ಹಾಗೆ, ಮಗನ ಎದುರಿಗೇ ಕೂತಳು.

"ನಾನು," ಅಂದಳು, ಒಂದೊಂದೇ ಅಕ್ಷರ ಬಿಡಿಸಿ. ಮಾವ ತುಟಿ ನೋಡುತ್ತ ತಲೆಯಾಡಿಸಿದ. "ಅವತ್ತು, ನಾನು..."